ಸರ್ವಿಸ್ ಪ್ರೋಗ್ರಾಂಗೆ ಒಂದು ಪ್ರೊಸೀಜರ್ ಸೇರಿಸಿದರೆ ಎಲ್ಲವನ್ನೂ ಮತ್ತೆ ಕಂಪೈಲ್ ಮಾಡಬೇಕಾ?

ಓದುಗರ ಪ್ರಶ್ನೆ: ನಮ್ಮಲ್ಲಿ ಐಬಿಎಂನ ಎಎಸ್/400 ಕಂಪ್ಯೂಟರ್ ಮೇಲೆ ಆರ್‌ಪಿಜಿ ಭಾಷೆಯಲ್ಲಿ ಬರೆದ ಹಳೆಯ ಪ್ರೋಗ್ರಾಂಗಳಿವೆ. ತೆರಿಗೆ ಲೆಕ್ಕ ಹಾಕೋಕೆ ಒಂದು ಸರ್ವಿಸ್ ಪ್ರೋಗ್ರಾಂ, ಅಂದರೆ ಹಲವು ಪ್ರೋಗ್ರಾಂಗಳು ಹಂಚಿಕೊಳ್ಳುವ ಕೋಡ್, ಇದೆ. ಅದಕ್ಕೆ ಹೊಸ ಪ್ರೊಸೀಜರ್ (ಒಂದು ಕೆಲಸ ಮಾಡುವ ಕೋಡ್ ತುಣುಕು) ಸೇರಿಸಿದಾಗಲೆಲ್ಲ ಅದನ್ನು ಬಳಸುವ ಅರವತ್ತು ಪ್ರೋಗ್ರಾಂಗಳನ್ನೂ ಮತ್ತೆ ಕಂಪೈಲ್ ಮಾಡುತ್ತೇವೆ. ಇದು ನಿಜಕ್ಕೂ ಬೇಕಾ?

ಬೇಡ. ಆದರೆ ಈ ಅಭ್ಯಾಸ ಹೇಗೆ ಶುರುವಾಯಿತು ಅಂತ ಊಹಿಸಬಲ್ಲೆ. ಯಾವತ್ತೋ ಒಮ್ಮೆ ಯಾರೋ ಕಂಪೈಲ್ ಮಾಡದೆ ಬಿಟ್ಟಿರುತ್ತಾರೆ. ರಾತ್ರಿ ತಾನಾಗಿ ಓಡುವ ಬ್ಯಾಚ್ ಜಾಬ್ ಎಂಸಿಎಚ್ 4431 ಅಂತ ಮೆಸೇಜ್ ಕೊಟ್ಟು ನಿಂತಿರುತ್ತದೆ. ಪ್ರೋಗ್ರಾಂ ಸಿಗ್ನೇಚರ್ ವಯೊಲೇಷನ್. ಅವತ್ತಿಂದ ತೆನಾಲಿ ರಾಮಕೃಷ್ಣನ ಬೆಕ್ಕಿನ ಕಥೆ, ಹಾಲು ಕಂಡರೇ ಓಟ.

ಈ ಸಿಗ್ನೇಚರ್ ಅಂದರೆ ಏನು ಅಂತ ಗೊತ್ತಾದರೆ ಅರ್ಧ ಭಯ ಹೋಗುತ್ತದೆ. ಎಎಸ್/400 ಬಂದಿದ್ದು 1988ರಲ್ಲಿ. ಅದರ ಆಪರೇಟಿಂಗ್ ಸಿಸ್ಟಂಗೆ 2008ರಿಂದ ಐಬಿಎಂ ಐ ಅನ್ನೋ ಹೆಸರು, ಆದರೂ ನಾವೆಲ್ಲ ಹಳೇ ಹೆಸರಲ್ಲೇ ಕರೆಯೋದು. 1994ರಲ್ಲಿ ಆರ್‌ಪಿಜಿ ಫೋರ್ ಬಂದ ಮೇಲೆ ಕೋಡನ್ನು ಸಣ್ಣ ಸಣ್ಣ ಮಾಡ್ಯೂಲ್ ಮಾಡಿ ಜೋಡಿಸುವ ದಾರಿ ಸಿಕ್ಕಿತು. ಜೋಡಿಸೋಕೆ ಎರಡು ರೀತಿ. ಮಾಡ್ಯೂಲನ್ನು ಪ್ರೋಗ್ರಾಂ ಒಳಗೇ ಸೇರಿಸಿಬಿಡುವುದು ಜೆರಾಕ್ಸ್ ಹಂಚಿದ ಹಾಗೆ. ಮೂಲ ತಿದ್ದಿದರೆ ಪ್ರತಿ ಜೆರಾಕ್ಸನ್ನೂ ಬದಲಿಸಬೇಕು. ಸರ್ವಿಸ್ ಪ್ರೋಗ್ರಾಂ ಹಾಗಲ್ಲ. ಅದು ಒಂದೇ ಕಡೆ ಇರುತ್ತದೆ, ಉಳಿದವರು ಬಂದು ಕೇಳಿಕೊಂಡು ಹೋಗುತ್ತಾರೆ.

ಕೇಳುವ ರೀತಿಯಲ್ಲೇ ಇರೋದು ಸಮಸ್ಯೆ. ಓಡುವ ಹೊತ್ತಿನಲ್ಲಿ ಪ್ರೊಸೀಜರನ್ನು ಹೆಸರು ಹಿಡಿದು ಕರೆಯುವುದಿಲ್ಲ, ನಂಬರ್ ಹಿಡಿದು ಕರೆಯುತ್ತದೆ. ಶಾಲೆಯ ಹಾಜರಿ ಪುಸ್ತಕ ನೆನಪಿದೆಯಲ್ವಾ? ಮೇಷ್ಟ್ರು "ಹದಿನೇಳು" ಅಂದರೆ ಹದಿನೇಳನೆಯವನು ಎದ್ದು ನಿಲ್ಲಬೇಕು. ಸರ್ವಿಸ್ ಪ್ರೋಗ್ರಾಂನ ಎಕ್ಸ್‌ಪೋರ್ಟ್ ಪಟ್ಟಿ, ಅಂದರೆ ಹೊರಗಿನವರು ಕರೆಯಬಹುದಾದ ಪ್ರೊಸೀಜರ್‌ಗಳ ಪಟ್ಟಿ, ಆ ಹಾಜರಿ ಪುಸ್ತಕ. ಸಿಗ್ನೇಚರ್ ಆ ಪುಸ್ತಕದ ಮೇಲಿನ ಮೊಹರು. ನಿಮ್ಮ ಪ್ರೋಗ್ರಾಂ ಸರ್ವಿಸ್ ಪ್ರೋಗ್ರಾಂ ಜೊತೆ ಬೈಂಡ್ ಆದ, ಅಂದರೆ ಜೋಡಿಸಿಕೊಂಡ ದಿನ ಆ ಮೊಹರನ್ನು ಬರೆದಿಟ್ಟುಕೊಳ್ಳುತ್ತದೆ. ಓಡುವಾಗ ಅದೇ ಮೊಹರು ಕಾಣದಿದ್ದರೆ 4431.

ನೀವು ಸರ್ವಿಸ್ ಪ್ರೋಗ್ರಾಂ ಕಟ್ಟುವಾಗ ಎಕ್ಸ್‌ಪೋರ್ಟ್ ಜಾಗದಲ್ಲಿ ಆಲ್ ಅಂತ ಕೊಡುತ್ತಿದ್ದೀರಿ ಅಂತ ನನ್ನ ಅನುಮಾನ. ಆಗ ಪ್ರತಿ ಹೊಸ ಪ್ರೊಸೀಜರ್‌ಗೂ ಮೊಹರು ಬದಲಾಗುತ್ತದೆ, ಹಳೆಯದು ಉಳಿಯುವುದಿಲ್ಲ. ಬದಲಿಗೆ ಬೈಂಡರ್ ಸೋರ್ಸ್, ಅಂದರೆ ಆ ಪಟ್ಟಿಯನ್ನು ನೀವೇ ಹೇಳುವ ಸೋರ್ಸ್, ಬರೆಯಿರಿ. ಅದರಲ್ಲಿ ಇರೋದೇ ಇಷ್ಟು: ಮೇಲೆ ಒಂದು ಶುರುವಿನ ಸಾಲು, ಕೆಳಗೆ ಮುಗಿಸುವ ಸಾಲು, ನಡುವೆ ಪ್ರತಿ ಪ್ರೊಸೀಜರ್‌ಗೆ ಒಂದೊಂದು ಎಕ್ಸ್‌ಪೋರ್ಟ್ ಸಾಲು. ಈಗಿರುವ ಪಟ್ಟಿಯನ್ನು ಕೈಯಲ್ಲಿ ಟೈಪ್ ಮಾಡಬೇಡಿ. ರಿಟ್ರೀವ್ ಬೈಂಡರ್ ಸೋರ್ಸ್ ಅನ್ನೋ ಕಮಾಂಡ್ ಅದನ್ನು ಬರೆದುಕೊಡುತ್ತದೆ. ಅದನ್ನು ಪ್ರೀವಿಯಸ್ ಅಂತ ಗುರುತಿಸಿ ಇಡಿ. ಅದರದೇ ಒಂದು ಕಾಪಿ ಮಾಡಿ, ಕೊನೆಗೆ ಹೊಸ ಪ್ರೊಸೀಜರ್ ಸೇರಿಸಿ, ಕರೆಂಟ್ ಅಂತ ಮೇಲೆ ಹಾಕಿ. ಹೊಸ ಹುಡುಗನಿಗೆ ಯಾವಾಗಲೂ ಕೊನೆಯ ನಂಬರ್. ಕಟ್ಟಿದ ಮೇಲೆ ಡಿಸ್‌ಪ್ಲೇ ಸರ್ವಿಸ್ ಪ್ರೋಗ್ರಾಂನಲ್ಲಿ ಸಿಗ್ನೇಚರ್ ಪಟ್ಟಿ ತೆಗೆದು ನೋಡಿ. ಹಳೆಯ ಮೊಹರು ಅಲ್ಲಿದ್ದರೆ ಅರವತ್ತು ಪ್ರೋಗ್ರಾಂಗಳೂ ನೆಮ್ಮದಿಯಾಗಿ ಓಡುತ್ತವೆ.

ಇನ್ನು ಕೆಲವರು ಸಿಗ್ನೇಚರ್ ಜಾಗದಲ್ಲಿ ತಾವೇ ಒಂದು ಹೆಸರು ಕೊಟ್ಟು ಅದನ್ನು ಬದಲಿಸುವುದೇ ಇಲ್ಲ. ನಾನೂ ಇದೇ ಪಕ್ಷ, ಪಟ್ಟಿ ಚಿಕ್ಕದಾಗಿ ಇರುತ್ತದೆ. ಆದರೆ ಯಾರಾದರೂ ಅಂದವಾಗಿ ಕಾಣಲಿ ಅಂತ ಸಾಲುಗಳನ್ನು ಅಕ್ಷರಮಾಲೆಯ ಕ್ರಮಕ್ಕೆ ಜೋಡಿಸಿದರೆ ಕೆಟ್ಟಿತು. ಮೊಹರು ಅದೇ ಇರುತ್ತದೆ, ಎರರ್ ಬರುವುದಿಲ್ಲ, ತೆರಿಗೆ ಕೇಳಿದರೆ ರಿಯಾಯಿತಿ ಎದ್ದು ನಿಲ್ಲುತ್ತದೆ. ಸೋರ್ಸ್‌ನ ಮೊದಲ ಸಾಲಲ್ಲೇ ಒಂದು ಎಚ್ಚರಿಕೆಯ ಕಮೆಂಟ್ ಹಾಕಿಡಿ.

ಹಾಗಾದರೆ ಮತ್ತೆ ಕಂಪೈಲ್ ಮಾಡಲೇಬೇಕಾದ ಸಂದರ್ಭ ಇಲ್ಲವೇ? ಇದೆ. ಫೈಲ್‌ನ ರೆಕಾರ್ಡ್ ಫಾರ್ಮ್ಯಾಟ್ (ದಾಖಲೆಯಲ್ಲಿ ಯಾವ ಮಾಹಿತಿ ಎಲ್ಲಿ ಅನ್ನೋ ವಿನ್ಯಾಸ) ಬದಲಾದರೆ ಸಿಸ್ಟಂ ತಾನೇ ಲೆವೆಲ್ ಚೆಕ್ ಅಂತ ನಿಲ್ಲಿಸುತ್ತದೆ, ಸಿಪಿಎಫ್ 4131. ಅದು ಒಳ್ಳೆಯ ಎರರ್. ಕೆಟ್ಟದ್ದು ಸದ್ದಿಲ್ಲದ್ದು. ಸಿಗ್ನೇಚರ್ ಪ್ರೊಸೀಜರ್‌ನ ಪ್ಯಾರಾಮೀಟರ್‌ಗಳನ್ನು, ಅಂದರೆ ಅದಕ್ಕೆ ಕೊಟ್ಟು ಕಳಿಸುವ ಮಾಹಿತಿಯನ್ನು, ನೋಡುವುದೇ ಇಲ್ಲ. ನಾನೊಮ್ಮೆ ಹಲವು ಪ್ರೋಗ್ರಾಂಗಳು ಸೇರಿಸಿಕೊಳ್ಳುವ ಕಾಪಿಬುಕ್‌ನ ಡೇಟಾ ಸ್ಟ್ರಕ್ಚರ್‌ನಲ್ಲಿ ಗ್ರಾಹಕರ ಹೆಸರನ್ನು 30 ಅಕ್ಷರದಿಂದ 40ಕ್ಕೆ ಹೆಚ್ಚಿಸಿದೆ. ಸರ್ವಿಸ್ ಪ್ರೋಗ್ರಾಂ ಕಂಪೈಲ್ ಆಯಿತು, ಇನ್‌ವಾಯ್ಸ್ ಪ್ರೋಗ್ರಾಂ ಮರೆತೇ ಹೋಯಿತು. ಜಾಬ್ ಲಾಗ್ ಸ್ವಚ್ಛ. ಇನ್‌ವಾಯ್ಸ್‌ನಲ್ಲಿ ಮಾತ್ರ ಹೆಸರಿನ ನಂತರದ ಊರಿನ ಜಾಗದಲ್ಲಿ ಮೊದಲು ಹತ್ತು ಖಾಲಿ, ಆಮೇಲೆ ಊರಿನ ಅರ್ಧ ಹೆಸರು. ಗೋದಾಮಿನಿಂದ ಫೋನ್ ಬರುವವರೆಗೂ ಯಾರಿಗೂ ಗೊತ್ತಾಗಲಿಲ್ಲ.

ಯಾವುದಕ್ಕೆ ಯಾವುದು ಬೇಕು ಅನ್ನೋದು ಒಬ್ಬರ ತಲೆಯಲ್ಲಿ ಇದ್ದರೆ ಹೀಗೇ ಆಗೋದು. ಅದನ್ನು ಬರೆದಿಡೋಕೆ ಬಿಲ್ಡ್, ಅಂದರೆ ಯಾವುದನ್ನು ಯಾವಾಗ ಕಂಪೈಲ್ ಮಾಡಬೇಕು ಅನ್ನೋ ನಿಯಮಗಳ ವ್ಯವಸ್ಥೆ, ಬೇಕು. ಈಗ ಆರ್‌ಪಿಜಿ ಸೋರ್ಸನ್ನು ಐಎಫ್‌ಎಸ್ ಅನ್ನೋ ಫೋಲ್ಡರ್ ವ್ಯವಸ್ಥೆಯಲ್ಲಿ ಸಾಮಾನ್ಯ ಫೈಲ್ ಆಗಿಟ್ಟು ಅಲ್ಲಿಂದಲೇ ಕಂಪೈಲ್ ಮಾಡಬಹುದು. ಸೋರ್ಸ್‌ನ ಬದಲಾವಣೆಗಳನ್ನು ದಾಖಲಿಸುವ ಗಿಟ್ ಅದೇ ಮೆಷಿನ್ ಮೇಲೆ ಓಡುತ್ತದೆ, ಬಿಲ್ಡ್ ನಡೆಸುವ ಗ್ನೂ ಮೇಕ್ ಕೂಡ. ಮೊದಲು ಬಾಬ್ ಅಂತಿದ್ದು ಈಗ ಟೋಬಿ ಅಂತ ಕರೆಸಿಕೊಳ್ಳುವ ಟೂಲ್ ಮೇಕ್ ಮೇಲೆಯೇ ನಿಂತಿದೆ. ನಿಯಮ ಬರೆದುಕೊಟ್ಟರೆ ಕಂಪೈಲ್ ಕಮಾಂಡ್‌ಗಳನ್ನು ಅದೇ ನೋಡಿಕೊಳ್ಳುತ್ತದೆ. ಸಣ್ಣ ತಂಡವಾದರೆ ಅದರಿಂದಲೇ ಶುರು ಮಾಡಿ.

ಸ್ವಂತ ಮೇಕ್‌ಫೈಲ್ (ಮೇಕ್‌ಗೆ ಕೊಡುವ ನಿಯಮಗಳ ಫೈಲ್) ಬರೆಯುವವರು ಒಂದು ಕಡೆ ಎಡವುತ್ತಾರೆ. ಕಾಪಿಬುಕ್ ಬದಲಾದರೆ ಅದನ್ನು ಸೇರಿಸಿಕೊಂಡ ಮಾಡ್ಯೂಲ್‌ಗಳೆಲ್ಲ ಮತ್ತೆ ಕಂಪೈಲ್ ಆಗಬೇಕು, ಇದು ಮಾಮೂಲಿ ನಿಯಮ. ಆದರೆ ಪ್ರೋಗ್ರಾಂ ಎದುರು ಸರ್ವಿಸ್ ಪ್ರೋಗ್ರಾಂ ಹೆಸರನ್ನೂ ಹಾಗೇ ಬರೆದರೆ, ಅದು ಹೊಸದಾದಾಗಲೆಲ್ಲ ಅರವತ್ತೂ ಮತ್ತೆ ಕಟ್ಟಿಕೊಳ್ಳುತ್ತವೆ. ಹೊರಟಲ್ಲಿಗೇ ವಾಪಸ್! ಗ್ನೂ ಮೇಕ್‌ನಲ್ಲಿ ಒಂದು ನೆಟ್ಟಗಿನ ಗೆರೆ (|) ಹಾಕಿ ಅದರ ಬಲಕ್ಕೆ ಆ ಹೆಸರು ಬರೆಯಿರಿ. ಆಗ "ಇದು ಮೊದಲು ಇರಬೇಕು, ಆದರೆ ಇದು ಹೊಸದಾಯಿತು ಅಂತ ನನ್ನನ್ನು ಎಬ್ಬಿಸಬೇಡ" ಅಂತ ಅರ್ಥ.

ಇಷ್ಟೆಲ್ಲ ಸರಿ ಮಾಡಿದ ಮೇಲೂ ಒಬ್ಬರು ಬಂದು "ನನ್ನ ಸ್ಕ್ರೀನ್‌ನಲ್ಲಿ ಇನ್ನೂ ಹಳೇ ಲೆಕ್ಕವೇ ಬರುತ್ತಿದೆ" ಅನ್ನುತ್ತಾರೆ. ಬಿಲ್ಡ್ ಕೆಟ್ಟಿಲ್ಲ. ಸರ್ವಿಸ್ ಪ್ರೋಗ್ರಾಂ ಬದಲಿಸಿದಾಗ ಹಳೆಯದು ಅಳಿಯುವುದಿಲ್ಲ, ಕ್ಯೂಆರ್‌ಪಿಎಲ್‌ಒಬಿಜೆ ಲೈಬ್ರರಿಗೆ ಹೋಗಿ ಕೂರುತ್ತದೆ. ಆಗಲೇ ಅದನ್ನು ಹಿಡಿದಿದ್ದ ಜಾಬ್‌ಗಳು ಅದನ್ನೇ ಬಳಸುತ್ತಿರುತ್ತವೆ. ಅವರಿಗೆ ಸೈನ್ ಆಫ್ ಆಗಿ ಮತ್ತೆ ಬರೋಕೆ ಹೇಳಿ.