ಫಾನ್ ಬೆಂಗಾಲೆ ಅನ್ನೋ ಮನೆತನ ಇಲ್ಲ ಸ್ವಾಮಿ

ಹಳೆಯ ಕುಟುಂಬ ದಾಖಲೆ ಓದಿಕೊಡುವುದು ನನ್ನ ಕೆಲಸ. ಆಗಾಗ ದಕ್ಷಿಣ ಆಫ್ರಿಕಾದಿಂದ ಒಂದೇ ಥರದ ಮೇಲ್ ಬರುತ್ತದೆ. "ನಮ್ಮ ಮೂಲ ಅಜ್ಜಿ ಏಂಜೆಲಾ ಫಾನ್ ಬೆಂಗಾಲೆ. ನೀವು ಇಂಡಿಯಾದಲ್ಲೇ ಇದ್ದೀರಲ್ಲ, ಆ ಮನೆತನದವರು ಕೋಲ್ಕತ್ತದಲ್ಲಿ ಯಾರಾದರೂ ಉಳಿದಿದ್ದಾರಾ?"

ಉಳಿದಿಲ್ಲ. ಅಂಥ ಮನೆತನ ಇರಲೇ ಇಲ್ಲ.

ಡಚ್ ಭಾಷೆಯ 'ಫಾನ್' ಅಂದರೆ ಇಲ್ಲಿ ಇಂಥ ಕಡೆಯಿಂದ ಬಂದವರು ಅಂತ, ಅಷ್ಟೇ. 'ಬೆಂಗಾಲೆ' ಅಂದರೆ ಬಂಗಾಳ. ನಾವು ಹೆಸರಿನ ಮುಂದೆ ಊರಿನ ಅಕ್ಷರ ಹಾಕ್ಕೊಳ್ತೀವಲ್ವಾ, ಹಾಗೆ. ಆದರೆ ನಮ್ಮದನ್ನು ನಾವೇ ಹಾಕಿಕೊಂಡೆವು. ಏಂಜೆಲಾ ಗುಲಾಮಳಾಗಿದ್ದವರು, ಆಕೆಯದನ್ನು ಬರೆದವರು ಮಾರಿದವರು, ಕೊಂಡವರು. ಕೇಪ್‌ಗೆ, ಅಂದರೆ ಡಚ್ ಈಸ್ಟ್ ಇಂಡಿಯಾ ಕಂಪನಿಯ ನೆಲೆಯಾಗಿದ್ದ ಇಂದಿನ ಕೇಪ್‌ಟೌನ್‌ಗೆ, ತಂದ ಗುಲಾಮರಲ್ಲಿ ಫಾನ್ ಮಲಬಾರ್, ಫಾನ್ ಬಟಾವಿಯಾ (ಇಂದಿನ ಜಕಾರ್ತ) ಎಲ್ಲ ಇದ್ದಾರೆ. 1656ರಲ್ಲಿ ಅಲ್ಲೇ ಯಾನ್ ವೌಟರ್ಸ್‌ನನ್ನು ಮದುವೆಯಾದ ಕ್ಯಾಥರೀನಾ ಕೂಡ ಫಾನ್ ಬೆಂಗಾಲೆಯೇ. ಅಷ್ಟಕ್ಕೇ ಇಬ್ಬರನ್ನೂ ಅಕ್ಕತಂಗಿ ಮಾಡಿ ವಂಶವೃಕ್ಷ ಬರೆದು ಕಳಿಸುತ್ತಾರೆ! ಇನಿಶಿಯಲ್ 'ಎಚ್' ಇರುವ ಹಾಸನದವರೆಲ್ಲ ದಾಯಾದಿಗಳು ಅಂದ ಹಾಗಾಯ್ತು.

ನಂಬಿಕೆ ಬರದಿದ್ದರೆ ಏಂಜೆಲಾ ಮಕ್ಕಳ ಹೆಸರು ನೋಡಿ. ಮಗಳು ಆನಾ ದ ಕೋನಿಂಗ್. ಆಮೇಲೆ ಮದುವೆಯಾದ ಗಂಡ ಬಾಸನ್‌ಗೆ ಹುಟ್ಟಿದವರು ಬಾಸನ್. ಒಬ್ಬರಿಗಾದರೂ ಬೆಂಗಾಲೆ ಬಂತಾ? ಮನೆತನದ ಹೆಸರಾಗಿದ್ದರೆ ಎಲ್ಲಾದರೂ ಒಂದು ಕಡೆ ಇಣುಕುತ್ತಿತ್ತು. ಹಾಗಂತ 'ಮಿಸೆಸ್ ಬಾಸನ್' ಅಂತ ಹುಡುಕಬೇಡಿ. ಡಚ್ ದಾಖಲೆಗಳಲ್ಲಿ ಮದುವೆಯಾದ ಹೆಂಗಸಿಗೂ ಸಾಮಾನ್ಯವಾಗಿ ಮೊದಲಿನ ಹೆಸರೇ. ಈಕೆ ಕೆಲವು ಕಡೆ ಆನ್ಸೆಲಾ ಕೂಡ ಆಗಿದ್ದಾರೆ.

ಇನ್ನು ಬಂಗಾಳದಲ್ಲೇ ಹುಟ್ಟಿದರಾ? ಇರಬಹುದು. ಅಲ್ಲಿ ಹಡಗು ಹತ್ತಿಸಿರಲೂಬಹುದು. ಸಹಿ ಹಾಕಿ ಬರೆದುಕೊಡು ಅಂದರೆ ನಾನು ಒಲ್ಲೆ.

ಕೇಪ್‌ನ ಕಾಗದಗಳು ಮಾತ್ರ ಧಾರಾಳವಾಗಿ ಮಾತಾಡುತ್ತವೆ. ಆಕೆ ಅಲ್ಲಿನ ಮುಖ್ಯಸ್ಥ ಯಾನ್ ಫಾನ್ ರೀಬೇಕ್‌ನ ಮನೆಯ ತೊತ್ತು. 1662ರಲ್ಲಿ ಆತ ಊರು ಬಿಡುವಾಗ ಅಬ್ರಹಾಂ ಗಬ್ಬೆಮಾಗೆ ಮಾರಿದ. 1666ರಲ್ಲಿ ಬಿಡುಗಡೆ. ಅದರಲ್ಲೂ ಒಂದು ಷರತ್ತು: ಇನ್ನೊಬ್ಬರ ಮನೆಯಲ್ಲಿ ಆರು ತಿಂಗಳು ದುಡಿಯಬೇಕು. ಬಿಡುಗಡೆಯ ಪತ್ರ ಅಂತೆ! ಮರುವರ್ಷವೇ ಆಕೆಯ ಹೆಸರಿಗೆ ಪಟ್ಟಣದಲ್ಲಿ ಒಂದು ಸೈಟು. 1668ರಲ್ಲಿ ದೀಕ್ಷಾಸ್ನಾನ, 1669ರಲ್ಲಿ ಆರ್ನಾಲ್ಡಸ್ ಬಾಸನ್ ಜೊತೆ ಮದುವೆ. 1720ರಲ್ಲಿ ತೀರಿಕೊಂಡರು. ಮಗಳು ಆನಾ, ಕಂಪನಿಯ ಕ್ಯಾಪ್ಟನ್ ಓಲಾಫ್ ಬೆರ್ಗ್‌ನ ಹೆಂಡತಿಯಾಗಿ, ಮುಂದೆ ಗ್ರೂಟ್ ಕಾನ್ಸ್ಟಾನ್ಷಿಯಾ ದ್ರಾಕ್ಷಿ ತೋಟದ ಯಜಮಾನಿಯಾದರು. ನನಗೆ ಜಾಸ್ತಿ ಇಷ್ಟ ಮಾತ್ರ ಆ ಸೈಟಿನ ಪತ್ರ.

ಹೋದ ವರ್ಷ ಒಬ್ಬ ನಿವೃತ್ತ ಮೇಷ್ಟ್ರಿಗೆ ಫೋನಿನಲ್ಲಿ ಇದನ್ನೆಲ್ಲ ಹೇಳಿದೆ. ಸ್ವಲ್ಪ ಹೊತ್ತು ಸುಮ್ನಿದ್ದರು. "ಹಾಗಾದರೆ ಅಜ್ಜಿಯ ಊರು ನೋಡೋಕೆ ಎಲ್ಲಿಗೆ ಹೋಗಲಿ?" ಅಂದರು. ಕೋಲ್ಕತ್ತಕ್ಕೆ ಟಿಕೆಟ್ ಆಗಲೇ ಮಾಡಿಸಿದ್ದರಂತೆ. ಆ ಸೈಟು ಇದ್ದದ್ದು ಕೇಪ್‌ಟೌನ್‌ನಲ್ಲೇ, ಮೊದಲು ಅಲ್ಲಿಗೆ ಹೋಗಿ ಬನ್ನಿ ಅಂದೆ. ಅವರ ಮನೆಯಿಂದ ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ.