90ನೇ ಪರ್ಸೆಂಟೈಲ್: 50, 54.6 ಅಥವಾ 91.4?

ಹತ್ತು ಅಳತೆಗಳಿವೆ ಎಂದುಕೊಳ್ಳಿ, ಎಲ್ಲವೂ ಮಿಲಿಸೆಕೆಂಡುಗಳಲ್ಲಿ, ಏರಿಕೆ ಕ್ರಮದಲ್ಲಿ: 12, 15, 18, 21, 24, 30, 33, 41, 50, 96. ಇವುಗಳ 90ನೇ ಪರ್ಸೆಂಟೈಲ್ ಎಷ್ಟು? ಒಂದು ವಿಧಾನದಲ್ಲಿ 50 ಬರುತ್ತದೆ, ಇನ್ನೊಂದರಲ್ಲಿ 54.6, ಮತ್ತೊಂದರಲ್ಲಿ 91.4. ಮೂರರಲ್ಲಿ ಯಾವ ಲೆಕ್ಕವೂ ತಪ್ಪಿಲ್ಲ. ಮೂರೂ ಬಳಕೆಯಲ್ಲಿರುವ ವಿಧಾನಗಳೇ.

ಪರ್ಸೆಂಟೈಲ್ ಎಂದರೆ ಶೇಕಡಾವಾರು ಅಂಕವಲ್ಲ. ಪರೀಕ್ಷೆಯಲ್ಲಿ ಶೇ. 60 ಅಂಕ ಬಂದಿದೆ ಎಂದರೆ ಅದು ಒಬ್ಬರ ಉತ್ತರಪತ್ರಿಕೆಯ ಮಾತು. 60ನೇ ಪರ್ಸೆಂಟೈಲ್ ಎಂದರೆ ಸಾಲಿನಲ್ಲಿ ನಿಂತ ಜಾಗದ ಮಾತು: ಸುಮಾರು ಶೇ. 60ರಷ್ಟು ಅಂಕಗಳು ಅದಕ್ಕಿಂತ ಕೆಳಗೆ ಅಥವಾ ಅದಕ್ಕೆ ಸಮವಾಗಿ ಇವೆ ಎಂದರ್ಥ. ಆ ‘ಸುಮಾರು’ ಎಂಬ ಪದದ ಹಿಂದೆಯೇ ಮೂರು ಉತ್ತರಗಳ ಗುಟ್ಟಿದೆ.

ಅತಿ ಸರಳವಾದದ್ದು ಹತ್ತಿರದ ಸ್ಥಾನದ ವಿಧಾನ. ಸಂಖ್ಯೆಗಳನ್ನು ಏರಿಕೆ ಕ್ರಮದಲ್ಲಿ ಇಡಿ. ಬೇಕಾದ ಪರ್ಸೆಂಟೈಲನ್ನು ಒಟ್ಟು ಸಂಖ್ಯೆಯಿಂದ ಗುಣಿಸಿ 100ರಿಂದ ಭಾಗಿಸಿ. ದಶಮಾಂಶ ಉಳಿದರೆ ಮುಂದಿನ ಪೂರ್ಣಾಂಕಕ್ಕೆ ಏರಿಸಿ, ಆ ಸ್ಥಾನದಲ್ಲಿರುವ ಸಂಖ್ಯೆಯನ್ನು ಎತ್ತಿಕೊಳ್ಳಿ. 25ನೇ ಪರ್ಸೆಂಟೈಲಿಗೆ 25 × 10 ÷ 100 = 2.5, ಅಂದರೆ 3ನೇ ಸ್ಥಾನ, ಉತ್ತರ 18. 90ಕ್ಕೆ ಸರಿಯಾಗಿ 9ನೇ ಸ್ಥಾನ, ಉತ್ತರ 50. ಇಲ್ಲಿ ಸಿಗುವುದು ಯಾವಾಗಲೂ ನಿಜವಾಗಿ ಅಳೆದ ಸಂಖ್ಯೆಯೇ. ಯಾರೂ ಅಳೆಯದ ಬೆಲೆಯೊಂದು ನಡುವೆ ಹುಟ್ಟುವುದಿಲ್ಲ. ಆದರೆ 50ನೇ ಪರ್ಸೆಂಟೈಲ್ 24 ಎಂದು ಬರುತ್ತದೆ, ಶಾಲೆಯಲ್ಲಿ ಕಲಿತ ಮಧ್ಯಾಂಕವೋ 24 ಮತ್ತು 30ರ ನಡುವಿನ 27.

ಉಳಿದೆರಡು ವಿಧಾನಗಳು ಸ್ಥಾನವನ್ನು ದಶಮಾಂಶದಲ್ಲೇ ಉಳಿಸಿಕೊಂಡು, ಅಕ್ಕಪಕ್ಕದ ಎರಡು ಸಂಖ್ಯೆಗಳ ನಡುವಿನ ಅಂತರವನ್ನು ಅದೇ ಪ್ರಮಾಣದಲ್ಲಿ ಹಂಚುತ್ತವೆ. ಒಂದು, ಒಟ್ಟು ಸಂಖ್ಯೆಯಿಂದ 1 ಕಳೆದು ಗುಣಿಸಿ ಕೊನೆಗೆ 1 ಕೂಡುತ್ತದೆ: 0.9 × 9 + 1 = 9.1. ಒಂಬತ್ತನೆಯದು 50, ಹತ್ತನೆಯದು 96, ಅಂತರ 46. ಅದರ ಹತ್ತನೇ ಒಂದು ಭಾಗ 4.6. ಹೀಗೆ 54.6. ಇನ್ನೊಂದು, ಒಟ್ಟು ಸಂಖ್ಯೆಗೆ 1 ಕೂಡಿ ಗುಣಿಸುತ್ತದೆ: 0.9 × 11 = 9.9, ಉತ್ತರ 50 + 0.9 × 46 = 91.4. ಮೊದಲನೆಯದು ಅತಿ ಚಿಕ್ಕ ಅಳತೆಯನ್ನು 0ನೇ, ಅತಿ ದೊಡ್ಡದನ್ನು 100ನೇ ಪರ್ಸೆಂಟೈಲ್ ಎಂದು ಹಿಡಿಯುತ್ತದೆ. ಎರಡನೆಯದು, ನಾವು ಅಳೆಯದ ಇನ್ನೂ ಚಿಕ್ಕ, ಇನ್ನೂ ದೊಡ್ಡ ಬೆಲೆಗಳು ಹೊರಗೆ ಇದ್ದೇ ಇರುತ್ತವೆ ಎಂದು ಎರಡೂ ತುದಿಯಲ್ಲಿ ಜಾಗ ಬಿಡುತ್ತದೆ. ಹಾಗಾಗಿ ಹತ್ತೇ ಅಳತೆಗಳಿಂದ ಅದಕ್ಕೆ 95ನೇ ಪರ್ಸೆಂಟೈಲ್ ಹೇಳಲಾಗದು: 10.45ನೇ ಸ್ಥಾನವೇ ಸಾಲಿನಲ್ಲಿಲ್ಲ.

ಎಕ್ಸೆಲ್‌ನಲ್ಲಿ ಪರ್ಸೆಂಟೈಲ್.ಇಂಕ್ ಎಂಬ ಸೂತ್ರ ಈ ಎರಡರಲ್ಲಿ ಮೊದಲನೆಯ ದಾರಿ ಹಿಡಿದರೆ, ಪರ್ಸೆಂಟೈಲ್.ಎಕ್ಸ್‌ಸಿ ಎರಡನೆಯದನ್ನು ಹಿಡಿದು ಅಂಥ ಕಡೆ ದೋಷ ಸೂಚಿಸುತ್ತದೆ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಬಳಸುವವರು ಇನ್ನೂ ಹುಷಾರಾಗಿರಬೇಕು. ಏನನ್ನೂ ಬದಲಿಸದೆ ಬಿಟ್ಟರೆ ನಂಪೈ ಎಂಬ ಲೆಕ್ಕದ ಲೈಬ್ರರಿ ಮೊದಲನೆಯ ವಿಧಾನವನ್ನು, ಭಾಷೆಯ ಜೊತೆಗೇ ಬರುವ ಸ್ಟ್ಯಾಟಿಸ್ಟಿಕ್ಸ್ ಮಾಡ್ಯೂಲ್ ಎರಡನೆಯದನ್ನು ಬಳಸುತ್ತದೆ. 1996ರಲ್ಲಿ ಸಂಖ್ಯಾಶಾಸ್ತ್ರಜ್ಞರಾದ ಹೈಂಡ್‌ಮನ್ ಮತ್ತು ಫ್ಯಾನ್ ಇಂಥ ಒಂಬತ್ತು ವಿಧಾನಗಳನ್ನು ಪಟ್ಟಿ ಮಾಡಿದರು. ಸಂಖ್ಯಾಶಾಸ್ತ್ರದ ಲೆಕ್ಕಗಳಿಗೆ ಬಳಸುವ ಆರ್ ಭಾಷೆ ಒಂಬತ್ತನ್ನೂ ಒದಗಿಸುತ್ತದೆ. ಅಳತೆಗಳು ಹತ್ತು ಸಾವಿರವಿದ್ದು ಒತ್ತೊತ್ತಾಗಿದ್ದರೆ ಈ ವ್ಯತ್ಯಾಸ ಸಾಮಾನ್ಯವಾಗಿ ಕಣ್ಣಿಗೆ ಬೀಳದು. ಕಡಿಮೆ ಅಳತೆ, ತುದಿಯಲ್ಲಿ ದೊಡ್ಡ ಜಿಗಿತ, ಇವೆರಡೂ ಸೇರಿದಾಗ ಉತ್ತರದ ಪಕ್ಕದಲ್ಲೇ ವಿಧಾನದ ಹೆಸರನ್ನೂ ಬರೆಯಲೇಬೇಕು.

ಲೆಕ್ಕ ಕೆಡುವುದು ಹೆಚ್ಚಾಗಿ ಸೂತ್ರಕ್ಕಿಂತ ಮುಂಚೆಯೇ. ಸಂಖ್ಯೆಗಳು ಕಡತದಿಂದ ಪಠ್ಯವಾಗಿ ಬಂದಿದ್ದರೆ 100, 21, 9 ಎಂಬ ಕ್ರಮ ಸಿಗುತ್ತದೆ, ಏಕೆಂದರೆ ಕಂಪ್ಯೂಟರ್ ಬೆಲೆಯನ್ನು ನೋಡದೆ ಎಡದಿಂದ ಒಂದೊಂದೇ ಅಕ್ಷರವನ್ನು ಹೋಲಿಸಿರುತ್ತದೆ. ಖಾಲಿ ಜಾಗಗಳು ಸೊನ್ನೆಯಾಗಿ ಸೇರಿಕೊಂಡರೆ ಸಾಲಿನ ಕೆಳತುದಿ ಉದ್ದವಾಗಿ ಎಲ್ಲ ಸ್ಥಾನಗಳೂ ಸರಿಯುತ್ತವೆ. ಒಂದೇ ಬೆಲೆ ಹಲವು ಸಲ ಬಂದಿದ್ದರೆ ಅಷ್ಟು ಸಲವೂ ಎಣಿಸಬೇಕು, ತೆಗೆದುಹಾಕಬಾರದು.

ಇನ್ನು ಎಣಿಕೆ. ಬಹುತೇಕ ಪ್ರೋಗ್ರಾಮಿಂಗ್ ಭಾಷೆಗಳು ಸೊನ್ನೆಯಿಂದ ಎಣಿಸುತ್ತವೆ, ಆದ್ದರಿಂದ 3ನೇ ಸ್ಥಾನ ಬೇಕಿದ್ದರೆ 2 ಎಂದು ಕೇಳಬೇಕು. ಹತ್ತಿರದ ಸ್ಥಾನದ ವಿಧಾನದಲ್ಲಿ 0ನೇ ಪರ್ಸೆಂಟೈಲ್ ಕೇಳಿದರೆ ಸ್ಥಾನ 0 ಬರುತ್ತದೆ. ಅದರಿಂದ 1 ಕಳೆದರೆ −1. ಪೈಥಾನಿನಲ್ಲಿ −1 ಎಂದರೆ ಪಟ್ಟಿಯ ಕೊನೆಯದು. ಅಂದರೆ ಕನಿಷ್ಠ ಬೆಲೆ ಕೇಳಿದವರಿಗೆ ಸದ್ದಿಲ್ಲದೆ ಗರಿಷ್ಠ ಬೆಲೆ 96 ಸಿಗುತ್ತದೆ! ಸ್ಥಾನ 1ಕ್ಕಿಂತ ಕಡಿಮೆಯಾದರೆ 1 ಎಂದೇ ಇಟ್ಟುಕೊಳ್ಳಬೇಕು. ಇನ್ನೊಂದು ಮೋಸ ದಶಮಾಂಶದ್ದು. 100 ಅಳತೆಗಳ 7ನೇ ಪರ್ಸೆಂಟೈಲಿಗೆ ಕಂಪ್ಯೂಟರಿನಲ್ಲಿ 0.07 × 100 ಎಂದರೆ 7.000000000000001. ಅದನ್ನು ಮೇಲಿನ ಪೂರ್ಣಾಂಕಕ್ಕೆ ಏರಿಸಿದರೆ 7ರ ಬದಲು 8ನೇ ಸ್ಥಾನ. ಪೂರ್ಣಾಂಕಗಳಲ್ಲೇ ಲೆಕ್ಕ ಹಾಕಿದರೆ ಈ ಕಾಟವಿಲ್ಲ: 7 × 100ಕ್ಕೆ 99 ಕೂಡಿ, 100ರಿಂದ ಭಾಗಿಸಿ, ಶೇಷ ಬಿಟ್ಟರೆ 7.

ಎಲ್ಲಕ್ಕಿಂತ ದೊಡ್ಡ ತಪ್ಪು ಪರ್ಸೆಂಟೈಲ್‌ಗಳ ಸರಾಸರಿ ತೆಗೆಯುವುದು. ಒಂದು ಯಂತ್ರದ 900 ಅಳತೆಗಳ 90ನೇ ಪರ್ಸೆಂಟೈಲ್ 40, ಇನ್ನೊಂದರ 100 ಅಳತೆಗಳದ್ದು 400 ಎನ್ನಿ. ಸರಾಸರಿ 220; ಅಳತೆಗಳ ಪ್ರಮಾಣ ನೋಡಿ ತೆಗೆದರೆ 76. ಎರಡೂ ಬರೀ ಊಹೆ. ಒಟ್ಟು ಸಾವಿರದ 90ನೇ ಪರ್ಸೆಂಟೈಲ್ 40 ಮತ್ತು 400ರ ನಡುವೆ ಎಲ್ಲೋ ಇದೆ, ಎಲ್ಲಿ ಎಂಬುದು ಮೂಲ ಅಳತೆಗಳಿಗೆ ಮಾತ್ರ ಗೊತ್ತು. ಅವನ್ನೆಲ್ಲ ಕೂಡಿಡಲಾಗದಿದ್ದರೆ ಎಲ್ಲ ಯಂತ್ರಗಳಲ್ಲೂ ಒಂದೇ ಗಡಿಯ ವರ್ಗಾಂತರಗಳನ್ನು (40ರಿಂದ 50ರಂಥ ಗುಂಪುಗಳನ್ನು) ಮಾಡಿ, ಪ್ರತಿ ವರ್ಗದಲ್ಲಿ ಬಿದ್ದ ಅಳತೆಗಳ ಎಣಿಕೆಯನ್ನಾದರೂ ಉಳಿಸಿಕೊಳ್ಳಬೇಕು. ಎಣಿಕೆಗಳನ್ನು ಧೈರ್ಯವಾಗಿ ಕೂಡಬಹುದು. ಕೂಡಿದ ಮೇಲೆ 40ರವರೆಗೆ 880 ಅಳತೆಗಳು, 40ರಿಂದ 50ರ ವರ್ಗದಲ್ಲಿ 50 ಇವೆ ಎನ್ನೋಣ. 900ನೆಯದು ಆ ವರ್ಗದ 20ನೆಯದು, ಆದ್ದರಿಂದ 40 + 10 × 20 ÷ 50 = 44. ತಪ್ಪಿದರೂ ಒಂದು ವರ್ಗದ ಅಗಲವಾದ 10ನ್ನು ಮೀರಿ ತಪ್ಪುವುದಿಲ್ಲ. ಕೊನೆಯ ವರ್ಗವನ್ನು ‘500 ಮತ್ತು ಮೇಲ್ಪಟ್ಟು’ ಎಂದು ತೆರೆದು ಬಿಟ್ಟಿದ್ದು, ಹುಡುಕುವ ಸ್ಥಾನ ಅಲ್ಲಿಯೇ ಬಿದ್ದರೆ ಮಾತ್ರ ‘500ಕ್ಕೆ ಕಡಿಮೆಯಿಲ್ಲ’ ಎಂದಷ್ಟೇ ಬರೆಯಬಹುದು.