ಅಂಕಪಟ್ಟಿಯನ್ನೇ ನಂಬಿದ ಮನೆಗಳು

ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಮನೆಮನೆಯಲ್ಲೂ ಮೊದಲ ಪ್ರಶ್ನೆ ‘ಎಷ್ಟು ಬಂತು?’ 625ಕ್ಕೆ 600 ದಾಟಿದ್ದರೂ ‘ಉಳಿದದ್ದು ಎಲ್ಲಿ ಹೋಯ್ತು?’ ಅಂತ ಕೇಳುವವರಿದ್ದಾರೆ. ಪೋಷಕರಿಗೆ ಅಂಕದ ಹುಚ್ಚು ಎಂದು ಬೈಯುವುದು ಸುಲಭ. ಆದರೆ ಒಳ್ಳೆಯ ಪಿಯು ಕಾಲೇಜಿನ ಸೀಟು, ವಿಜ್ಞಾನ ವಿಭಾಗ, ಫೀಸಿನಲ್ಲಿ ರಿಯಾಯಿತಿ ಎಲ್ಲವೂ ಅಂಕ ನೋಡಿಯೇ ಸಿಗುವಾಗ ಅವರು ಬೇರೇನು ಕೇಳಬೇಕು?

ಈ ಅಂಕದ ತೂಕವೇ ಈಚಿನ ವರ್ಷಗಳಲ್ಲಿ ಏರುಪೇರಾಗಿದೆ. ಕೋವಿಡ್ ಕಾಲದ 2021ರಲ್ಲಿ ಆರೂ ವಿಷಯಗಳನ್ನು ಎರಡೇ ದಿನದಲ್ಲಿ, ಬಹುಆಯ್ಕೆ ಪ್ರಶ್ನೆ ಕೊಟ್ಟು ಒಎಂಆರ್ ಹಾಳೆಯಲ್ಲಿ ಮುಗಿಸಲಾಯಿತು. ಯಾರನ್ನೂ ಫೇಲ್ ಮಾಡುವುದಿಲ್ಲವೆಂದು ಸರ್ಕಾರ ಮೊದಲೇ ಹೇಳಿತ್ತು. ಫಲಿತಾಂಶ ಶೇ 99.99, 157 ಮಕ್ಕಳಿಗೆ 625ಕ್ಕೆ 625. ಆ ಸಂಕಟದಲ್ಲಿ ಅದು ಸರಿಯಾದ ನಿರ್ಧಾರವೇ. ಆದರೆ ಮರುವರ್ಷ ಪೂರ್ತಿ ಲಿಖಿತ ಪರೀಕ್ಷೆ ಮರಳಿದರೂ 145 ಮಂದಿ ಪೂರ್ಣಾಂಕ ಪಡೆದರು.

2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಹಾಕಿ ವೆಬ್‌ಕಾಸ್ಟಿಂಗ್ ಮಾಡಿದಾಗ ಬಣ್ಣ ಬಯಲಾಯಿತು. ಹಿಂದಿನ ವರ್ಷ ಶೇ 83.89 ಇದ್ದ ಫಲಿತಾಂಶ 73.40ಕ್ಕೆ ಕುಸಿಯಿತು. ಅದೂ ಫೇಲಾಗುವವರನ್ನು ದಾಟಿಸಲು ಕೊಡುವ ಗ್ರೇಸ್ ಅಂಕವನ್ನು ಶೇ 20ಕ್ಕೆ ಏರಿಸಿ, ಅದನ್ನು ಪಡೆಯುವ ಅರ್ಹತೆಯನ್ನು ಶೇ 35ರಿಂದ 25ಕ್ಕೆ ಇಳಿಸಿದ ಮೇಲೆ! 625 ಪಡೆದದ್ದು ಒಬ್ಬಳೇ ಹುಡುಗಿ, ಬಾಗಲಕೋಟೆ ಜಿಲ್ಲೆಯವಳು. ಟೀಕೆ ಬಂದು 2025ರಲ್ಲಿ ಆ ಗ್ರೇಸ್ ಕೈಬಿಟ್ಟಾಗ ಫಲಿತಾಂಶ ಇನ್ನೂ ಇಳಿಯಿತು.

ನನಗೆ ಹೆಚ್ಚು ಕಾಡುವುದು ಆಂತರಿಕ ಮೌಲ್ಯಮಾಪನ. ಪ್ರಥಮ ಭಾಷೆಗೆ 25, ಉಳಿದ ವಿಷಯಗಳಿಗೆ ತಲಾ 20 ಅಂಕ ಶಾಲೆಯದೇ ಕೈಯಲ್ಲಿ. ಲಿಖಿತ 80ರಲ್ಲಿ ಕಷ್ಟಪಟ್ಟು 28 ತೆಗೆದ ಹುಡುಗನಿಗೂ ಅಲ್ಲಿ 19 ಸಿಕ್ಕರೆ ಅಂಕಪಟ್ಟಿಯಲ್ಲಿ ಕಾಣುವುದು 47. ಓದಿದ ಅಪ್ಪ-ಅಮ್ಮ ನೋಟ್‌ಬುಕ್ ತೆರೆದು ನೋಡುತ್ತಾರೆ, ಟ್ಯೂಷನ್ ಮೇಷ್ಟ್ರನ್ನು ವಿಚಾರಿಸುತ್ತಾರೆ. ಶಾಲೆಯ ಮೆಟ್ಟಿಲು ಹತ್ತದ ತಾಯಿಗೆ ಆ 47 ಬಿಟ್ಟರೆ ಬೇರೆ ಆಧಾರವಿಲ್ಲ. ಮಗ ಪಾಸು ಎಂದು ನೆಮ್ಮದಿಯಾಗಿರುತ್ತಾಳೆ. ಭಿನ್ನರಾಶಿ ಕೂಡಲೂ ಅವನಿಗೆ ಬಾರದೆಂಬುದು ಪ್ರಥಮ ಪಿಯುವಿನಲ್ಲಿ, ಫೀಸು ಕಟ್ಟಿಯಾದ ಮೇಲೆ ಗೊತ್ತಾಗುತ್ತದೆ. ಉದಾರ ಅಂಕದಿಂದ ಹೆಚ್ಚು ಮೋಸಹೋಗುವುದು ಇಂಥ ಮನೆಗಳೇ.

2025ರ ಅಕ್ಟೋಬರ್‌ನಲ್ಲಿ ಸರ್ಕಾರ ಉತ್ತೀರ್ಣತೆಯ ಮಟ್ಟವನ್ನು ಶೇ 35ರಿಂದ 33ಕ್ಕೆ ಇಳಿಸುವುದಾಗಿ ಪ್ರಕಟಿಸಿತು. ವಿಷಯವಾರು ಶೇ 30 ಇದ್ದು, ಒಟ್ಟು 206 ಬಂದರೆ ಸಾಕು. ಪಾಸಾಗುವವರು ಹೆಚ್ಚುತ್ತಾರೆ, ಸರಿ. ಮಗುವಿಗೆ ಏನು ಬರುತ್ತದೆ, ಏನು ಬರುವುದಿಲ್ಲ ಎಂಬುದನ್ನು ಒಂಬತ್ತನೇ ತರಗತಿಯಲ್ಲೇ ಆ ತಾಯಿಯನ್ನು ಕೂರಿಸಿಕೊಂಡು, ಉತ್ತರ ಪತ್ರಿಕೆ ಬಿಡಿಸಿ ತೋರಿಸಿ ಹೇಳುವ ಹೊಣೆಯನ್ನು ಮಾತ್ರ ಈ ಆದೇಶ ಯಾರಿಗೂ ವಹಿಸಿಲ್ಲ.